ಗೋಡೆಯ ಮೇಲಿನ ಫೋಟೋಗೆ ಎಷ್ಟು ಪಿಕ್ಸೆಲ್ ಬೇಕು?

ಪುಣೆಯಲ್ಲಿ ಕನ್ನಡಿಗರ ಭಾನುವಾರದ ಭೇಟಿಯೊಂದರಲ್ಲಿ ಆಡಿದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಲೆಕ್ಕಗಳು ಬೇಗ ಬೇಗ ಬಂದು ಹೋಗುತ್ತವೆ ಅಂತ ಕೆಲವರು ಹೇಳಿದ್ದರಿಂದ, ಇಲ್ಲಿ ಅವನ್ನು ಬಿಡಿಸಿ ಬರೆದಿದ್ದೇವೆ.



ಹೊರಗೆ ಇಷ್ಟು ಮಳೆ ಇದ್ದರೂ ಬಂದಿದ್ದೀರಿ, ಖುಷಿಯಾಯ್ತು. ನನ್ನ ಪರಿಚಯ ಎರಡೇ ಸಾಲು. ಊರು ಧಾರವಾಡ. ಪುಣೆಗೆ ಬಂದು 12 ವರ್ಷ ಆಯ್ತು, ಹಿಂಜೆವಾಡಿಯಲ್ಲಿ ಡೇಟಾಬೇಸ್ ನೋಡಿಕೊಳ್ಳೋ ಕೆಲಸ. ನಾನು ಫೋಟೋಗ್ರಾಫರ್ ಅಲ್ಲ. ಫೋಟೋ ಪ್ರಿಂಟ್ ಮಾಡಿಸೋದರಲ್ಲಿ ಒಂದು ಸಲ ಚೆನ್ನಾಗಿ ಪೆಟ್ಟು ತಿಂದವನು, ಅಷ್ಟೇ ನನ್ನ ಅರ್ಹತೆ. ಮಾತಿನ ಮಧ್ಯೆ ಧಾರವಾಡ ಕನ್ನಡ ನುಸುಳಿದರೆ ಹೊಂದಿಸಿಕೊಳ್ಳಿ.

ಮೊದಲು ಒಂದು ಪ್ರಶ್ನೆ. ನಿಮ್ಮ ಅಪ್ಪ ಅಮ್ಮನ ಒಂದು ಒಳ್ಳೆ ಫೋಟೋ, ಅಂದರೆ ಕ್ಯಾಮೆರಾದಲ್ಲಿ ತೆಗೆದಾಗ ಹೇಗಿತ್ತೋ ಹಾಗೇ ಇರೋ ಫೈಲು, ಎಷ್ಟು ಜನರ ಹತ್ತಿರ ಇದೆ? ಫ್ಯಾಮಿಲಿ ಗ್ರೂಪ್‌ನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಕೈ ಎತ್ತಿ ನೋಡೋಣ.

ನಾಲ್ಕು... ಐದು. ಇಲ್ಲಿ ಕೂತವರು ಮೂವತ್ತು ಮಂದಿ ಇದ್ದೀರಿ. ನನ್ನ ಕೈಯೂ ಅವತ್ತು ಮೇಲೆ ಹೋಗ್ತಿರಲಿಲ್ಲ.

ಹನ್ನೆರಡು ಬೈ ಹದಿನೈದು

ಎರಡು ವರ್ಷದ ಹಿಂದೆ ನಮ್ಮಪ್ಪ ತೀರಿಕೊಂಡರು. ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಧಾರವಾಡ ಮುಟ್ಟಿದೆ. ಮೊದಲ ಎರಡು ದಿನ ಏನು ನಡೀತು ಅನ್ನೋದೇ ನೆನಪಿಲ್ಲ. ಮೂರನೇ ದಿನ ಯಾರೋ ಹೇಳಿದರು, "ಹದಿಮೂರನೇ ದಿನಕ್ಕ ಒಂದು ದೊಡ್ಡ ಫೋಟೋ ಬೇಕಲ್ಲಪಾ, ಮಾಡಿಸಿಬಿಡು."

ಹುಡುಕಿದೆ. ನನ್ನ ಫೋನಿನಲ್ಲಿ 14 ಸಾವಿರ ಫೋಟೋ ಇದ್ದವು. ಅರ್ಧ ನನ್ನ ಮಗಳದ್ದು, ಉಳಿದದ್ದರಲ್ಲಿ ಅರ್ಧ ವೈಟ್‌ಬೋರ್ಡು, ಬಿಲ್ಲು, ಪಾರ್ಕಿಂಗ್ ಪಿಲ್ಲರ್ ನಂಬರು. ಅಪ್ಪನದ್ದು ಬಹಳ ಕಡಿಮೆ. ಇದ್ದವುಗಳಲ್ಲಿ ಒಂದರಲ್ಲಿ ಮುಖ ಅರ್ಧ, ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದು, ಮತ್ತೊಂದರಲ್ಲಿ ಊಟಕ್ಕೆ ಬಗ್ಗಿದ್ದು. ಕೊನೆಗೆ ಒಂದು ಸಿಕ್ತು. ತಂಗಿಯ ಮಗುವಿನ ನಾಮಕರಣದ ಗ್ರೂಪ್ ಫೋಟೋ. ಹಿಂದಿನ ಸಾಲಿನಲ್ಲಿ ಅಪ್ಪ ನಿಂತಿದ್ದಾರೆ, ನಗ್ತಿದ್ದಾರೆ. ಅದೇ ಸರಿ ಅಂತ ಎಲ್ಲರೂ ಒಪ್ಪಿದರು. ಫೋನಿನಲ್ಲಿ ನೋಡಿದರೆ ಲಕ್ಷಣವಾಗಿ ಸ್ಪಷ್ಟವಾಗಿತ್ತು.

ಅಪ್ಪನ ಮುಖ, ಹೆಗಲು ಮಾತ್ರ ಕ್ರಾಪ್ ಮಾಡಿಕೊಂಡು ಸ್ಟುಡಿಯೋಕ್ಕೆ ಹೋದೆ. 12×15 ಇಂಚು ಬೇಕು ಅಂದೆ. ಅಂಗಡಿಯವ ಫೈಲ್ ತೆರೆದು ನೋಡಿದ. "ಸರ, ಒಡೀತದರಿ ಇದು. ಒರಿಜಿನಲ್ ತರ್ರಿ."

ಒರಿಜಿನಲ್ ಇದೇ ಅಂತ ನಾನು. ಅವನು 300 ಡಿಪಿಐ ಬೇಕು ಅಂದ. ಸರಿ, ನಾನು ಐಟಿಯವನಲ್ವಾ, ಲ್ಯಾಪ್‌ಟಾಪ್ ತೆಗೆದೆ, ಒಂದು ಸಾಫ್ಟ್‌ವೇರಿನಲ್ಲಿ 300 ಅಂತ ಟೈಪ್ ಮಾಡಿದೆ, ಅಗಲ 12, ಎತ್ತರ 15 ಕೊಟ್ಟೆ, ಸೇವ್ ಮಾಡಿದೆ. ಫೈಲ್ ಈಗ 3600×4500 ಆಯ್ತು, 16 ಮೆಗಾಪಿಕ್ಸೆಲ್! ಬಹಳ ಹೆಮ್ಮೆಯಿಂದ ಪೆನ್‌ಡ್ರೈವ್ ಕೊಟ್ಟೆ. ಅವನು ಮತ್ತೆ ನೋಡಿ ಹೇಳಿದ: "ಫೈಲ್ ದೊಡ್ಡದಾತ್ರಿ ಸರ, ಫೋಟೋ ಅಷ್ಟ ಐತಿ."

ಆ ಒಂದು ವಾಕ್ಯದಲ್ಲಿ ಇವತ್ತಿನ ನನ್ನ ಮಾತೆಲ್ಲ ಮುಗಿದುಹೋಗುತ್ತೆ. ಆದರೆ ಅವತ್ತು ನನಗೆ ಅರ್ಥ ಆಗಲಿಲ್ಲ. ಪ್ರಿಂಟ್ ಹಾಕಿಸಿದೆ. ಮೇಣದಲ್ಲಿ ಮಾಡಿದ ಹಾಗೆ ಬಂತು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಮಚ್ಚೆ, ಕನ್ನಡಕದ ಸುತ್ತ ಚೌಕ ಚೌಕ.

ರಂಗೋಲಿಯ ಚುಕ್ಕಿ

ಪಿಕ್ಸೆಲ್ ಅಂದರೆ ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆದರೂ ನನಗೆ ಇದು ನಿಜವಾಗಿ ತಲೆಗೆ ಹೋಗಿದ್ದು ನಮ್ಮವ್ವನ ರಂಗೋಲಿಯಿಂದ.

15 ಚುಕ್ಕಿ, 15 ಸಾಲಿನ ರಂಗೋಲಿ ಅಂದುಕೊಳ್ಳಿ. ಧಾರವಾಡದ ಮನೆ ಮುಂದೆ ಅವ್ವ ಅದನ್ನ ಅಂಗಳ ತುಂಬ ಹಾಕ್ತಾಳೆ. ಇಲ್ಲಿ ವಾಕಡ್‌ನ ಫ್ಲ್ಯಾಟಿಗೆ ಬಂದಾಗ ಅದೇ ರಂಗೋಲಿಯನ್ನ ಬಾಗಿಲ ಮುಂದಿನ ಎರಡಡಿ ಜಾಗದಲ್ಲಿ ಹಾಕ್ತಾಳೆ. ಚುಕ್ಕಿ ಎಷ್ಟು? ಎರಡೂ ಕಡೆ 225. ಬದಲಾದದ್ದು ಚುಕ್ಕಿ ಚುಕ್ಕಿಯ ನಡುವಿನ ಅಂತರ ಮಾತ್ರ.

ಫೋಟೋ ಫೈಲೂ ಅಷ್ಟೇ. 4000×3000 ಅಂದರೆ ಒಂದು ಸಾಲಿಗೆ 4000 ಚುಕ್ಕಿ, ಅಂಥ 3000 ಸಾಲು. ಒಟ್ಟು 1 ಕೋಟಿ 20 ಲಕ್ಷ, ಅದೇ 12 ಮೆಗಾಪಿಕ್ಸೆಲ್. ಕ್ಯಾಮೆರಾ ಕ್ಲಿಕ್ ಆದ ಕ್ಷಣಕ್ಕೆ ಈ ಸಂಖ್ಯೆ ಮುಗಿದುಹೋಯ್ತು. ಫೈಲಿಗೆ ಇಂಚು ಅನ್ನೋದೇ ಗೊತ್ತಿಲ್ಲ. ಇಂಚು ಬರೋದು ಕಾಗದದ ಮೇಲೆ ಚುಕ್ಕಿಗಳನ್ನು ಹರಡುವಾಗ. ಒಂದು ಇಂಚಿಗೆ ಎಷ್ಟು ಚುಕ್ಕಿ ಬಿತ್ತು ಅನ್ನೋದೇ ಪಿಪಿಐ. ಅಂಗಡಿಯವರೆಲ್ಲ ಅದನ್ನೇ ಡಿಪಿಐ ಅಂತಾರೆ.

ಕಟ್ಟುನಿಟ್ಟಾಗಿ ಹೇಳಿದರೆ ಡಿಪಿಐ ಅಂದರೆ ಪ್ರಿಂಟರ್ ಸಿಡಿಸುವ ಇಂಕಿನ ಹನಿಗಳ ಲೆಕ್ಕ. ಇಂಕ್‌ಜೆಟ್ ಪ್ರಿಂಟರಿನ ಡಬ್ಬಿ ಮೇಲೆ 1440 ಅಥವಾ 2880 ಡಿಪಿಐ ಅಂತ ಬರೆದಿರುತ್ತೆ ನೋಡಿ, ಅದು. ಒಂದು ಪಿಕ್ಸೆಲ್‌ನ ಬಣ್ಣ ತರೋಕೆ ಹಲವು ಹನಿ ಬೇಕಾಗುತ್ತೆ. ಹಾಗಾಗಿ ಆ 1440 ನೋಡಿ ನಿಮ್ಮ ಫೋಟೋಗೂ 1440 ಬೇಕು ಅಂತ ಹೆದರಬೇಡಿ. ಅಂಗಡಿಯಲ್ಲಿ ಅವರು ಡಿಪಿಐ ಅಂದರೆ ಪಿಪಿಐ ಅಂತ ತಿಳ್ಕೊಳ್ಳಿ, ವಾದ ಮಾಡಬೇಡಿ.

ಈಗ ಲೆಕ್ಕ ಬಹಳ ಸುಲಭ. ಪಿಕ್ಸೆಲ್ ಸಂಖ್ಯೆಯನ್ನು ಇಂಚಿನಿಂದ ಭಾಗಿಸಿ.

4000×3000 ಫೋಟೋವನ್ನು ಇಂಚಿಗೆ 300ರಂತೆ ಹರಡಿದರೆ ಸುಮಾರು 13×10 ಇಂಚು. 150ರಂತೆ ಹರಡಿದರೆ 26×20 ಇಂಚು. 100ರಂತೆ ಹರಡಿದರೆ 40×30 ಇಂಚು. ಫೋಟೋ ಅದೇ, ಚುಕ್ಕಿ ಅಷ್ಟೇ.

ನಮ್ಮಪ್ಪನ ಫೋಟೋಗೆ ಬನ್ನಿ. ಗ್ರೂಪಿನಲ್ಲಿ ಬಂದ ಆ ಫೋಟೋ 1600×1200 ಇತ್ತು. ಅದರಲ್ಲಿ ಅಪ್ಪನ ಮುಖ, ಹೆಗಲು ಕತ್ತರಿಸಿದಾಗ ಉಳಿದದ್ದು 300×375. ಅದನ್ನ 12 ಇಂಚು ಅಗಲಕ್ಕೆ ಹರಡಿದೆ. 300 ಭಾಗಿಸು 12, ಇಂಚಿಗೆ 25 ಚುಕ್ಕಿ. ನಾನು ಸಾಫ್ಟ್‌ವೇರಿನಲ್ಲಿ 300 ಅಂತ ಟೈಪ್ ಮಾಡಿದಾಗ ಅದು ಏನು ಮಾಡಿತು ಅಂದರೆ, ಪ್ರತಿ ಎರಡು ಚುಕ್ಕಿಗಳ ನಡುವೆ ಸರಾಸರಿ ಬಣ್ಣದ 11 ಹೊಸ ಚುಕ್ಕಿ ತುಂಬಿತು. ಕ್ಯಾಮೆರಾ ನೋಡಿದ್ದು ಒಂದೂ ಅದರಲ್ಲಿರಲಿಲ್ಲ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದರೆ, ಟೇಬಲ್‌ಗೆ ಡಮ್ಮಿ ರೋ ತುಂಬಿ ಡೇಟಾ ಹೆಚ್ಚಾಯ್ತು ಅಂದ ಹಾಗೆ.

ಇದನ್ನ ನೀವೇ ಪರೀಕ್ಷೆ ಮಾಡಬಹುದು. ಫೋಟೋಶಾಪ್‌ನ ಇಮೇಜ್ ಸೈಜ್ ಕಿಟಕಿಯಲ್ಲಿ 'ರೀಸ್ಯಾಂಪಲ್' ಅನ್ನೋ ಟಿಕ್ ತೆಗೆದುಬಿಡಿ. ಆಮೇಲೆ 72 ಇರೋದನ್ನ 300 ಮಾಡಿ. ಇಂಚು ಕಡಿಮೆ ಆಗುತ್ತೆ, ಪಿಕ್ಸೆಲ್ ಒಂದೂ ಬದಲಾಗಲ್ಲ. ಆ 72 ಬರೀ ಒಂದು ಚೀಟಿ. 1984ರ ಮೊದಲ ಮ್ಯಾಕಿಂಟೋಷ್‌ನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು, ಯಾಕೆಂದರೆ ಅಕ್ಷರಗಳ ಅಳತೆಯ ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. ಪರದೆಗಳು ಬದಲಾದವು, ಚೀಟಿ ಉಳ್ಕೊಂಡಿತು. "ನಿಮ್ಮ ಫೋಟೋ 72 ಡಿಪಿಐ ಇದೆ, ನಡೆಯಲ್ಲ" ಅಂತ ಯಾರಾದರೂ ಅಂದರೆ ಗಾಬರಿ ಆಗಬೇಡಿ, ಪಿಕ್ಸೆಲ್ ಎಷ್ಟಿದೆ ಅಂತ ಕೇಳಿ.

300 ಎಲ್ಲಿಂದ ಬಂತು?

ಸರಿ, 300 ಅಂತ ಎಲ್ಲರೂ ಹೇಳ್ತಾರಲ್ಲ, ಅದು ಸುಳ್ಳಾ? ಸುಳ್ಳಲ್ಲ. ಅದು ಕೈಯಲ್ಲಿ ಹಿಡಿದು ನೋಡುವ ಕಾಗದದ ಲೆಕ್ಕ. ಆಫ್‌ಸೆಟ್ ಅಚ್ಚಿನಲ್ಲಿ ಫೋಟೋವನ್ನ ಹಾಫ್‌ಟೋನ್ ಚುಕ್ಕಿಗಳ ಸಾಲುಗಳಾಗಿ ಒಡೀತಾರೆ. ನಯವಾದ ಮ್ಯಾಗಜೀನ್ ಕಾಗದದಲ್ಲಿ ಇಂಚಿಗೆ 150 ಸಾಲು ಅನ್ನೋದು ರೂಢಿ. ಸಾಲಿಗೆ ಎರಡರಷ್ಟು ಪಿಕ್ಸೆಲ್ ಕೊಡಿ ಅನ್ನೋದು ಅಚ್ಚಿನ ಮನೆಯ ಹಳೇ ಸೂತ್ರ. 150ರ ಎರಡರಷ್ಟು 300.

ಇನ್ನೊಂದು ಕಾರಣ ನಮ್ಮ ಕಣ್ಣು. ಸರಿಯಾದ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದವರೆಗೆ ಎರಡು ಚುಕ್ಕಿಗಳನ್ನ ಬೇರೆ ಬೇರೆ ಅಂತ ಗುರುತಿಸುತ್ತೆ. ಅದಕ್ಕಿಂತ ಹತ್ತಿರ ಇದ್ದರೆ ಎರಡೂ ಸೇರಿ ಒಂದೇ ಆಗಿ ಕಾಣುತ್ತೆ. ಇದನ್ನ ತ್ರಿಕೋನಮಿತಿಗೆ ಹಾಕಿದರೆ ಒಂದು ಸಣ್ಣ ಸೂತ್ರ ಸಿಗುತ್ತೆ. ಬರ್ಕೊಳ್ಳಿ:

ಬೇಕಾದ ಪಿಪಿಐ = 3438 ÷ ನೋಡುವ ದೂರ (ಇಂಚಿನಲ್ಲಿ).

ಒಂದು ಅಡಿ ಅಂದರೆ 12 ಇಂಚಿನಿಂದ ನೋಡಿದರೆ 286, ಹೆಚ್ಚುಕಡಿಮೆ ಅದೇ 300. ಮೂರು ಅಡಿಯಿಂದ ನೋಡಿದರೆ 95. ಆರು ಅಡಿಯಿಂದ 48. ಇಪ್ಪತ್ತು ಅಡಿಯಿಂದ ಬರೀ 14.

ನಂಬಿಕೆ ಬರ್ತಿಲ್ವಾ? ನಿಮ್ಮ ಮನೆಯ 55 ಇಂಚಿನ ಫೋರ್‌ಕೆ ಟಿವಿಯಲ್ಲಿ ಇಂಚಿಗೆ ಇರೋದು ಸುಮಾರು 80 ಪಿಕ್ಸೆಲ್ ಮಾತ್ರ. ಅಡ್ಡಕ್ಕೆ 3840 ಪಿಕ್ಸೆಲ್, ಅಗಲ ಸುಮಾರು 48 ಇಂಚು, ಭಾಗಿಸಿ ನೋಡಿ. ಸೋಫಾದಿಂದ ನೋಡಿ ಯಾರಾದರೂ "ಟಿವಿ ಒಡೀತಿದೆ" ಅಂತೀರಾ?

ರಸ್ತೆ ಪಕ್ಕದ ಹೋರ್ಡಿಂಗ್ ನೋಡಿ. ದಾದಾ ಅವರ ಹುಟ್ಟುಹಬ್ಬದ ಶುಭಾಶಯ, ಪುಣೆಯಲ್ಲಿ ಅದಕ್ಕೇನೂ ಬರ ಇಲ್ಲ. 20 ಅಡಿ ಅಗಲ, 10 ಅಡಿ ಎತ್ತರ. 12 ಮೆಗಾಪಿಕ್ಸೆಲ್ ಫೋಟೋದಲ್ಲಿ 4000×2000 ಭಾಗ ತೆಗೆದುಕೊಂಡು ಅಷ್ಟು ಅಗಲಕ್ಕೆ ಹರಡಿದರೆ ಇಂಚಿಗೆ 16, 17 ಪಿಕ್ಸೆಲ್ ಸಿಗುತ್ತೆ. 20 ಅಡಿ ದೂರದಿಂದ ಬೇಕಾಗಿರೋದು 14. ಅಂದರೆ ಒಂದು ಸಾದಾ ಫೋನಿನ ಒರಿಜಿನಲ್ ಫೋಟೋ ಹೋರ್ಡಿಂಗ್‌ಗೂ ಸಾಕು! ಹತ್ತಿರ ಹೋಗಿ ನೋಡಿದರೆ ದಾದಾ ಅವರ ಮೀಸೆ ಮೆಟ್ಟಿಲು ಮೆಟ್ಟಿಲಾಗಿ ಕಾಣಬಹುದು, ಆದರೆ ಅಷ್ಟು ಎತ್ತರಕ್ಕೆ ಯಾರು ಹತ್ತುತ್ತಾರೆ?

ಹಾಗಾಗಿ ದೊಡ್ಡ ಪ್ರಿಂಟ್ ಅಂದ ತಕ್ಷಣ ದೊಡ್ಡ ಪಿಪಿಐ ಬೇಕು ಅನ್ನೋದು ತಪ್ಪು ತಿಳಿವಳಿಕೆ. ಆಲ್ಬಮ್‌ಗೆ 300, ಓಡಾಡುವ ದಾರಿಯಲ್ಲಿ ಹತ್ತಿರದಿಂದ ನೋಡುವ ಗೋಡೆಗೆ 150, ಸೋಫಾದ ಹಿಂದಿನ ಗೋಡೆಗೆ 100. ಇದು ನಾನು ಇಟ್ಟುಕೊಂಡಿರೋ ಲೆಕ್ಕ. ಒಂದು ಎಚ್ಚರಿಕೆ: ಪಿಪಿಐ ಎರಡು ಪಟ್ಟು ಮಾಡಬೇಕು ಅಂದರೆ ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟು ಬೇಕು, ಅಡ್ಡಕ್ಕೂ ಎರಡು ಪಟ್ಟು, ಉದ್ದಕ್ಕೂ ಎರಡು ಪಟ್ಟು. ಹಾಗಾಗಿ ಸುಮ್ಮನೆ ಹೆಚ್ಚು ಕೇಳಬೇಡಿ.

ಈ ಸೂತ್ರವನ್ನ ಅಪ್ಪನ ಫೋಟೋಗೆ ಹಾಕಿ. ಇಂಚಿಗೆ 25. 3438 ಭಾಗಿಸು 25, ಸುಮಾರು 137 ಇಂಚು. ಅಂದರೆ ಹನ್ನೊಂದೂವರೆ ಅಡಿ ದೂರ ನಿಂತರೆ ಚೆನ್ನಾಗಿ ಕಾಣುತ್ತೆ. ನಮ್ಮ ಪಡಸಾಲಿ ಇರೋದೇ ಹತ್ತು ಅಡಿ. ಬೀದಿಯಲ್ಲಿ ನಿಂತು ನೋಡಬೇಕಿತ್ತು.

ಫೋನಿನಲ್ಲಿ ಯಾಕೆ ಚೆನ್ನಾಗಿ ಕಂಡಿತ್ತು? ಫೋನಿನ ಪರದೆ ಇಂಚಿಗೆ 400ರಷ್ಟು ಪಿಕ್ಸೆಲ್ ಇರುವ ಪುಟ್ಟ ಕಿಟಕಿ. ಅಪ್ಪನ ಮುಖ ಅದರಲ್ಲಿ ಹೆಬ್ಬೆರಳಿನ ಉಗುರಿನಷ್ಟು. ಅಷ್ಟು ಚಿಕ್ಕ ಜಾಗಕ್ಕೆ 300 ಚುಕ್ಕಿ ಧಾರಾಳ ಆಯ್ತು. ಫೋನ್ ನೋಡಿ ಪ್ರಿಂಟ್ ಹೇಗೆ ಬರುತ್ತೆ ಅಂತ ನಿರ್ಧಾರ ಮಾಡೋದು ಅಂದರೆ, ವಿಮಾನದ ಕಿಟಕಿಯಿಂದ ನೋಡಿ ರಸ್ತೆಯಲ್ಲಿ ಗುಂಡಿ ಇಲ್ಲ ಅಂದ ಹಾಗೆ.

"ಇದು ನಿಮ್ಮಪ್ಪ ಅಲ್ಲೋ"

ಈಗ ಕಥೆಯ ಎರಡನೇ ಭಾಗ. ಆ ಪ್ರಿಂಟ್ ಮನೆಗೆ ತರಲಿಲ್ಲ. ರಾತ್ರಿ ಕೂತು ಒಂದು ಎಐ ಟೂಲ್‌ಗೆ ಫೋಟೋ ಹಾಕಿದೆ. ನಾಲ್ಕು ಪಟ್ಟು ದೊಡ್ಡದು ಮಾಡು, ಮುಖ ಸರಿ ಮಾಡು ಅಂದೆ. ಒಂದು ನಿಮಿಷದಲ್ಲಿ ಬಂತು. ಅಬ್ಬಾ ಅನ್ನಿಸ್ತು. ಕಣ್ಣಿನ ರೆಪ್ಪೆ ಒಂದೊಂದೂ ಕಾಣುತ್ತೆ, ಕೂದಲು ಎಳೆ ಎಳೆ. ಬೆಳಗ್ಗೆ ಅವ್ವನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ.

ಅವಳು ಸ್ವಲ್ಪ ಹೊತ್ತು ನೋಡಿದಳು. "ಯಾರೋ ಇವರು? ಇದು ನಿಮ್ಮಪ್ಪ ಅಲ್ಲೋ."

ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಇಷ್ಟು ಕಷ್ಟಪಟ್ಟಿದ್ದೀನಿ ಅಂತ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಪ್ಪನ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು, ಚಿಕ್ಕಂದಿನಲ್ಲಿ ಎತ್ತಿನ ಗಾಡಿಯಿಂದ ಬಿದ್ದದ್ದು. ಅದು ಇಲ್ಲ. ಹುಬ್ಬು ತುಂಬಿಕೊಂಡಿದೆ. ಮುಂದಿನ ಹಲ್ಲು ಸ್ವಲ್ಪ ಓರೆ ಇತ್ತು, ನೇರ ಆಗಿದೆ. ಯಾರೋ ಒಳ್ಳೆಯ ಮನುಷ್ಯ, ನೋಡೋಕೆ ನಮ್ಮಪ್ಪನ ಹಾಗೇ ಇದ್ದಾನೆ, ಆದರೆ ನಮ್ಮಪ್ಪ ಅಲ್ಲ.

ಎಐ ತಪ್ಪು ಮಾಡಿಲ್ಲ, ಅದು ಮಾಡುವ ಕೆಲಸವೇ ಅದು. ಇಲ್ಲದ ಚುಕ್ಕಿಗಳನ್ನ ಅದು ಎಲ್ಲಿಂದ ತರುತ್ತೆ? ತಾನು ಕಲಿತ ಲಕ್ಷಾಂತರ ಬೇರೆ ಮುಖಗಳಿಂದ. ಇಂಥ ಕಡೆ ಸಾಮಾನ್ಯವಾಗಿ ಹುಬ್ಬು ಹೇಗಿರುತ್ತೆ ಅಂತ ಊಹೆ ಮಾಡಿ ಬರೆಯುತ್ತೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ 'ಪಲ್ಸ್' ಅನ್ನೋ ಇಂಥದ್ದೇ ಟೂಲ್‌ಗೆ ಯಾರೋ ಬರಾಕ್ ಒಬಾಮಾ ಅವರ ಮಸುಕಾದ ಫೋಟೋ ಕೊಟ್ಟಿದ್ದರು. ಅದು ಒಬ್ಬ ಬಿಳಿಯ ಮನುಷ್ಯನ ಮುಖ ಬಿಡಿಸಿ ಕೊಡ್ತು. ಇಡೀ ಜಗತ್ತಿಗೆ ಗೊತ್ತಿರೋ ಮುಖಕ್ಕೇ ಹಾಗಾದರೆ ನಮ್ಮ ಮನೆಯವರ ಗುರುತು ಅದಕ್ಕೆ ಎಲ್ಲಿಂದ ಸಿಗಬೇಕು?

ಬೆಟ್ಟ, ಹೊಲ, ಜೋಗ ಜಲಪಾತ ಇಂಥವಕ್ಕೆ ಎಐ ಬಳಸಿ, ತೊಂದರೆ ಇಲ್ಲ. ಎಲೆ ಒಂದು ಹೆಚ್ಚಾದರೆ ಯಾರಿಗೂ ಗೊತ್ತಾಗಲ್ಲ. ಮುಖಕ್ಕೆ ಬಳಸುವಾಗ, ಆ ಮುಖದ ಜೊತೆ ಬದುಕಿದವರಿಗೆ ಒಮ್ಮೆ ತೋರಿಸಿ.

ಅಜ್ಜಿಯ ಫೋನು

ಆಗ ಸ್ಟುಡಿಯೋದವನ ಮಾತು ನೆನಪಾಯ್ತು. "ಒರಿಜಿನಲ್ ತರ್ರಿ." ಆ ಗ್ರೂಪ್ ಫೋಟೋ ತೆಗೆದವರು ಯಾರು? ವಿಚಾರಿಸ್ತಾ ಹೋದರೆ, ತಂಗಿಯ ನಾದಿನಿಯ ಮಗಳು. ಅವಳು ಆಗಲೇ ಹೊಸ ಫೋನ್ ತಗೊಂಡಿದ್ದಳು. ಹಳೆಯದು? ಪರದೆ ಒಡೆದಿತ್ತು ಅಂತ ಅವರ ಅಜ್ಜಿಗೆ ಕೊಟ್ಟಿದ್ದಾರೆ, ಧಾರಾವಾಹಿ ನೋಡೋಕೆ. ಅಜ್ಜಿಗೆ ಫೋಟೋ ಡಿಲೀಟ್ ಮಾಡೋದು ಹೇಗೆ ಅಂತ ಗೊತ್ತಿರಲಿಲ್ಲ. ದೇವರು ದೊಡ್ಡವನು! ಫೋಟೋ ಹಾಗೇ ಇತ್ತು. 4000×3000.

ಅದರಲ್ಲಿ ಅದೇ ಭಾಗ ಕತ್ತರಿಸಿದರೆ 750×937. ಮೊದಲಿಗಿಂತ ಅಡ್ಡಕ್ಕೆ ಎರಡೂವರೆ ಪಟ್ಟು, ಒಟ್ಟು ಚುಕ್ಕಿ ಆರು ಪಟ್ಟು. ಗಾಯದ ಗುರುತು ಕಾಣ್ತಿತ್ತು. ಇದನ್ನೂ 12×15ಕ್ಕೆ ಹರಡಿದರೆ ಇಂಚಿಗೆ 62 ಆಗ್ತಿತ್ತು, ಹತ್ತಿರದಿಂದ ಸ್ವಲ್ಪ ಮಸುಕು. ಸ್ಟುಡಿಯೋದವನೇ ದಾರಿ ಹೇಳಿದ. "8×10 ಹಾಕೋಣ್ರಿ ಸರ, ಸುತ್ತ ಬಿಳಿ ಮೌಂಟ್ ಬೋರ್ಡ್ ಕೊಟ್ಟು ಅದ 12×15 ಫ್ರೇಮಿಗೆ ಕೂಡಸ್ತೀನಿ." 8 ಇಂಚಿಗೆ 750, ಅಂದರೆ ಇಂಚಿಗೆ 94. ಮೂರು ಅಡಿ ದೂರಕ್ಕೆ ಬೇಕಾದಷ್ಟೇ. ಹದಿಮೂರನೇ ದಿನ ಆ ಫೋಟೋ ಇಟ್ಟೆವು. ಅವ್ವ ಏನೂ ಅನ್ನಲಿಲ್ಲ, ಹೂವು ಏರಿಸಿದಳು. ಅವಳು ಏನೂ ಅನ್ನಲಿಲ್ಲ ಅಂದರೆ ಸರಿ ಇದೆ ಅಂತ ಅರ್ಥ.

ಆ ಆರು ಪಟ್ಟು ಚುಕ್ಕಿ ಕಳೆದುಹೋಗಿದ್ದು ಎಲ್ಲಿ? ಫೋಟೋ ಒಬ್ಬರಿಂದ ಒಬ್ಬರಿಗೆ ಕಳಿಸುವ ದಾರಿಯಲ್ಲಿ. ವಾಟ್ಸಾಪ್‌ನಲ್ಲಿ ಸಾದಾ ಗುಣಮಟ್ಟದಲ್ಲಿ ಕಳಿಸಿದ ಫೋಟೋ ಬೇಗ ತಲುಪಲಿ, ಡೇಟಾ ಕಡಿಮೆ ಖರ್ಚಾಗಲಿ ಅಂತ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತೆ. ನೋಡೋಕೆ ಅದು ಸಾಕು, ತಪ್ಪೇನಿಲ್ಲ. ಅದನ್ನೇ ಒರಿಜಿನಲ್ ಅಂತ ನಂಬಿಕೊಂಡಿದ್ದು ನನ್ನ ತಪ್ಪು. ಅದರ ಜೊತೆ ಜೆಪೆಗ್ ಕಂಪ್ರೆಷನ್ ಬೇರೆ. ಜೆಪೆಗ್ ಚಿತ್ರವನ್ನ 8×8 ಪಿಕ್ಸೆಲ್‌ಗಳ ಚೌಕಗಳಾಗಿ ಮಾಡಿಕೊಂಡು ಒಂದೊಂದರಲ್ಲೂ ಸೂಕ್ಷ್ಮ ವಿವರ ಬಿಟ್ಟುಬಿಡುತ್ತೆ. ಅಪ್ಪನ ಕನ್ನಡಕದ ಸುತ್ತ ಕಂಡ ಚೌಕಗಳು ಅವೇ.

ಏನು ಮಾಡಬೇಕು?

ಒಂದು: ಮುಖ್ಯ ಫೋಟೋವನ್ನ 'ಡಾಕ್ಯುಮೆಂಟ್' ಆಗಿ ಕಳಿಸಿ, ತರಿಸಿಕೊಳ್ಳಿ. ಹಾಗೆ ಕಳಿಸಿದ ಫೈಲ್ ಇದ್ದ ಹಾಗೇ ಬರುತ್ತೆ. 2023ರಿಂದ ಇರೋ ಎಚ್‌ಡಿ ಆಯ್ಕೆ ಸಾದಾ ಆಯ್ಕೆಗಿಂತ ಒಳ್ಳೇದು, ಆದರೆ ಅದರಲ್ಲೂ ಕಂಪ್ರೆಷನ್ ಇದೆ. ಡ್ರೈವ್ ಲಿಂಕ್, ಇಮೇಲ್ ಅಟ್ಯಾಚ್‌ಮೆಂಟ್, ಪೆನ್‌ಡ್ರೈವ್ ಎಲ್ಲವೂ ನಡೆಯುತ್ತೆ. ಸ್ಕ್ರೀನ್‌ಶಾಟ್ ಮಾತ್ರ ಬೇಡವೇ ಬೇಡ.

ಎರಡು: ಅಂಗಡಿಗೆ ಹೋಗುವ ಮೊದಲು ಫೈಲಿನ ಡೀಟೇಲ್ಸ್ ತೆಗೆದು ಪಿಕ್ಸೆಲ್ ನೋಡಿ. ಎಂಬಿ ನೋಡಿ ನಿರ್ಧರಿಸಬೇಡಿ, ನನ್ನ 16 ಮೆಗಾಪಿಕ್ಸೆಲ್ ಫೈಲೂ ಭಾರವೇ ಇತ್ತು. ಕ್ರಾಪ್ ಮಾಡಿದ ಮೇಲೆ ಉಳಿಯುವ ಪಿಕ್ಸೆಲ್ ಎಷ್ಟು ಅನ್ನೋದೇ ಲೆಕ್ಕ.

ಮೂರು: ಕಂಪ್ಯೂಟರಿನಲ್ಲಿ 100% ಝೂಮ್ ಮಾಡಿ ಕಣ್ಣು ನೋಡಿ. ಫೋಟೋ ಅಲುಗಾಡಿದ್ದರೆ, ಫೋಕಸ್ ತಪ್ಪಿದ್ದರೆ ಪಿಕ್ಸೆಲ್ ಎಷ್ಟಿದ್ದರೂ ಪ್ರಯೋಜನ ಇಲ್ಲ.

ನಾಲ್ಕು: ದೊಡ್ಡ ಪ್ರಿಂಟಿಗೆ ದುಡ್ಡು ಕೊಡುವ ಮೊದಲು ತುಂಡು ಪರೀಕ್ಷೆ ಮಾಡಿ. 20×30 ಇಂಚಿನ ಪ್ರಿಂಟ್ ಬೇಕು ಅನ್ಕೊಳ್ಳಿ. ಅದೇ ಪಿಪಿಐನಲ್ಲಿ, ಮುಖ ಇರುವ 4×6 ಇಂಚಿನಷ್ಟು ಭಾಗ ಮಾತ್ರ ಕತ್ತರಿಸಿ ಸಾದಾ 4×6 ಪ್ರಿಂಟ್ ತೆಗೆಸಿ. ಗೋಡೆಗೆ ಅಂಟಿಸಿ, ನೀವು ಕೂರುವ ಜಾಗದಲ್ಲಿ ಕೂತು ನೋಡಿ. ಸರಿ ಕಂಡರೆ ದೊಡ್ಡದು ಮಾಡಿಸಿ. ಸಣ್ಣ ಪ್ರಿಂಟಿನ ಖರ್ಚಿನಲ್ಲಿ ದೊಡ್ಡ ಪ್ರಿಂಟಿನ ದುಡ್ಡು ಉಳಿಯುತ್ತೆ.

ಐದು: ಚುಕ್ಕಿ ಸಾಲದಿದ್ದರೆ ಪ್ರಿಂಟ್ ಚಿಕ್ಕದು ಮಾಡಿ, ಮೌಂಟ್ ದೊಡ್ಡದು ಮಾಡಿ. ಅದರಲ್ಲಿ ಅವಮಾನ ಏನಿಲ್ಲ.

ಕೇಳಿದ ಎರಡು ಪ್ರಶ್ನೆ

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ನನ್ನ ಫೋನ್ 200 ಮೆಗಾಪಿಕ್ಸೆಲ್. ನನಗೆ ಈ ಚಿಂತೆ ಇಲ್ಲ ಅಲ್ವಾ?"

ನಿಮ್ಮ ಗ್ಯಾಲರಿ ತೆಗೆದು ಒಂದು ಫೋಟೋದ ಡೀಟೇಲ್ಸ್ ಓದಿ. ... ನೋಡಿದ್ರಾ, 12 ಮೆಗಾಪಿಕ್ಸೆಲ್ ಚಿಲ್ಲರೆ. ಅಂಥ ಫೋನುಗಳು ಸಾಮಾನ್ಯ ಮೋಡ್‌ನಲ್ಲಿ 16 ಪುಟ್ಟ ಪಿಕ್ಸೆಲ್‌ಗಳನ್ನ ಸೇರಿಸಿ ಒಂದು ಮಾಡ್ತವೆ, ಕತ್ತಲಲ್ಲೂ ಚಿತ್ರ ಸ್ವಚ್ಛ ಬರಲಿ ಅಂತ. ಪೂರ್ತಿ 200 ಬೇಕಾದರೆ ಆ ಮೋಡ್ ನೀವೇ ಆರಿಸಬೇಕು, ಒಳ್ಳೆ ಬೆಳಕೂ ಬೇಕು. ಮುಖದ ಫೋಟೋಗೆ ಹಗಲು ಬೆಳಕಿನಲ್ಲಿ ಹತ್ತಿರ ಹೋಗಿ ತೆಗೆದ 12 ಮೆಗಾಪಿಕ್ಸೆಲ್ ಸಾಕು. ಗ್ರೂಪಿನಲ್ಲಿ ಹಿಂದೆ ನಿಂತ ಮುಖಕ್ಕಿಂತ ಅದು ಎಷ್ಟೋ ವಾಸಿ.

ಇನ್ನೊಬ್ಬರದ್ದು: "ಅಜ್ಜನ ಪಾಸ್‌ಪೋರ್ಟ್ ಸೈಜ್ ಫೋಟೋ ಒಂದೇ ಇದೆ. ಏನು ಮಾಡಲಿ?"

ಮೊದಲು, ಫೋನಿನಿಂದ ಅದರ ಫೋಟೋ ತೆಗೆಯಬೇಡಿ, ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600ಕ್ಕೆ ಸ್ಕ್ಯಾನ್ ಮಾಡಿಸಿ. 35×45 ಮಿಲಿಮೀಟರ್ ಫೋಟೋ ಸುಮಾರು 827×1063 ಪಿಕ್ಸೆಲ್ ಆಗುತ್ತೆ. 2400ಕ್ಕೆ ಮಾಡಿಸಿದರೆ ಫೈಲ್ ದೊಡ್ಡದಾಗುತ್ತೆ, ಮುಖ ಅಷ್ಟೇ ಇರುತ್ತೆ, ಹೆಚ್ಚಾಗಿ ಬರೋದು ಕಾಗದದ ತರಿ. ಈಗಿನ ಡಿಜಿಟಲ್ ಪ್ರಿಂಟ್ ಆಗಿದ್ದರೆ ಅದರೊಳಗೇ ಇಂಚಿಗೆ 300ರಷ್ಟು ಮಾತ್ರ ಇರುತ್ತೆ, ಅಂದರೆ ಅಡ್ಡಕ್ಕೆ ನಿಜವಾದ ಚುಕ್ಕಿ 413. ಅದನ್ನ 5 ಇಂಚು ಅಗಲಕ್ಕೆ ಹರಡಿದರೆ ಇಂಚಿಗೆ 82. ಮೂರೂವರೆ ಅಡಿಯಿಂದ ಚೆನ್ನಾಗಿ ಕಾಣುತ್ತೆ. 5×7 ಮಾಡಿಸಿ, ಅದಕ್ಕಿಂತ ಆಸೆಪಡಬೇಡಿ.

ಇನ್ನೊಂದು ಮಾತು. ಊರಿಗೆ ಹೋದಾಗ ಟ್ರೆಝರಿ, ಟ್ರಂಕು ಹುಡುಕಿ. ಹಳೇ ಆಲ್ಬಮ್‌ಗಳ ಜೊತೆ ಸ್ಟುಡಿಯೋದವರು ಕೊಟ್ಟ ನೆಗೆಟಿವ್ ಪಟ್ಟಿಗಳು ಇರುತ್ತವೆ. 35 ಎಂಎಂ ಫಿಲ್ಮಿನ ಒಂದು ಫ್ರೇಮ್ 36×24 ಮಿಲಿಮೀಟರ್. ಫಿಲ್ಮ್ ಸ್ಕ್ಯಾನರ್‌ನಲ್ಲಿ 4000ಕ್ಕೆ ಹಾಕಿದರೆ 5600×3700ಕ್ಕೂ ಹೆಚ್ಚು ಪಿಕ್ಸೆಲ್, ಹತ್ತಿರ ಹತ್ತಿರ 21 ಮೆಗಾಪಿಕ್ಸೆಲ್ ಬರುತ್ತೆ. ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟಿಗಿಂತ ನೆಗೆಟಿವ್‌ನಲ್ಲಿ ಎಷ್ಟೋ ಹೆಚ್ಚು ವಿವರ ಇರುತ್ತೆ. ಕಸ ಅಂತ ಎಸೆಯೋದು ಅದನ್ನೇ, ಎಸೆಯಬೇಡಿ.

ಮುಗಿಸುವ ಮೊದಲು ಒಂದು ಸಂಗತಿ. ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದ ಮೊಟ್ಟಮೊದಲ ಫೋಟೋ 1957ರದ್ದು. ಅಮೆರಿಕದ ರಸೆಲ್ ಕಿರ್ಶ್ ಅನ್ನೋ ಎಂಜಿನಿಯರ್ ಮತ್ತು ಅವರ ಜೊತೆಯವರು ಸ್ಕ್ಯಾನರ್ ಕಟ್ಟಿದ್ದರು. ಅದರಲ್ಲಿ ಅವರು ಇಟ್ಟಿದ್ದು ತಮ್ಮ ಮೂರು ತಿಂಗಳ ಮಗನ ಫೋಟೋ. 176×176 ಪಿಕ್ಸೆಲ್. ಅಪ್ಪಂದಿರು ಮಕ್ಕಳ ಫೋಟೋ ತೆಗೀತಾನೇ ಬಂದಿದ್ದಾರೆ, ನಾವೂ ನಮ್ಮ ಮಕ್ಕಳದ್ದು ಸಾವಿರಗಟ್ಟಲೆ ತೆಗೀತೀವಿ. ಈ ಕಡೆ ಅಪ್ಪ ಅಮ್ಮನ ಕಡೆಗೆ ಕ್ಯಾಮೆರಾ ತಿರುಗಿಸೋದು ಮರೆತುಹೋಗುತ್ತೆ.

ಗಣೇಶನ ಹಬ್ಬಕ್ಕೆ ನಿಮ್ಮಲ್ಲಿ ಬಹಳ ಮಂದಿ ಊರಿಗೆ ಹೋಗ್ತೀರಿ, ಬಸ್ ಟಿಕೆಟ್ ಆಗಲೇ ಬುಕ್ ಆಗಿರುತ್ತೆ. ಒಂದು ಬೆಳಗ್ಗೆ, ಹತ್ತು ಗಂಟೆ ಒಳಗೆ, ಅವರನ್ನ ಕಟ್ಟೆ ಮೇಲೆ ನೆರಳಿನಲ್ಲಿ ಕೂರಿಸಿ. ಲೆನ್ಸ್ ಒರೆಸಿಕೊಳ್ಳಿ. ಝೂಮ್ ಮಾಡಬೇಡಿ, ನೀವೇ ಎರಡು ಹೆಜ್ಜೆ ಮುಂದೆ ಹೋಗಿ. ಒಬ್ಬೊಬ್ಬರದ್ದು ಹತ್ತು ಫೋಟೋ ತೆಗೆಯಿರಿ, ಎರಡು ಕಡೆ ಕಾಪಿ ಇಡಿ. 8×10 ಒಂದನ್ನ ಈಗಲೇ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಿ. "ಈಗ್ಯಾಕಪಾ ಇದೆಲ್ಲ" ಅಂತಾರೆ. ಅನ್ನಲಿ ಬಿಡಿ.